ಜೇಮ್ಸ್ ಮ್ಯಾಡಿಸನ್

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗದ ಜನಕನೆಂದು ಲೋಕವು ಕೊಂಡಾಡುವ ಜೇಮ್ಸ್ ಮ್ಯಾಡಿಸನನು 1751ರಲ್ಲಿ ವರ್ಜೀನಿಯಾದ ಜಮೀನುದಾರರ ಮನೆತನದಲ್ಲಿ ಜನಿಸಿದನು. ಕುಳ್ಳು ದೇಹ, ಕ್ಷೀಣ ಸ್ವರ, ವಾಗ್ಮಿಯೆಂದು ಹೆಸರಾದವನಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ವಾಷಿಂಗ್ಟನ್ನನ ಅಧ್ಯಕ್ಷತೆಯಲ್ಲಿ ರಾಜ್ಯಾಂಗಸಭೆಯು ಕೂಡಿದಾಗ, ಬಾಗಿಲು ಮುಚ್ಚಿ ನಡೆದ ಚರ್ಚೆಯನ್ನು ದಿನದಿನವೂ ಬರೆದಿಟ್ಟವನು ಈತನೇ.

ಆದರೆ ಆ ಸಭೆಯಲ್ಲಿ ಜನಕನ ಮಾತು ಎಷ್ಟೋ ಸಲ ನಡೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಶಾಸನಸಭೆಗಳೆರಡರಲ್ಲಿಯೂ ಜನಸಂಖ್ಯೆಗೆ ತಕ್ಕ ಸ್ಥಾನಗಳಿರಲೆಂದನು. ಸಣ್ಣ ಸಂಸ್ಥಾನಗಳು ಹಟಹಿಡಿದು ಸೆನೆಟ್ಟಿನಲ್ಲಿ ಸಮಪಾಲು ಪಡೆದುವು. ಸಂಸ್ಥಾನಗಳ ಶಾಸನಗಳನ್ನು ರದ್ದುಪಡಿಸುವ ಅಧಿಕಾರವು ಕೇಂದ್ರಕ್ಕಿರಲೆಂದನು, ಅದೂ ಬಿದ್ದುಹೋಯಿತು. ಸೋತವನು ಮುನಿದು ಮನೆ ಸೇರಲಿಲ್ಲ. ಹ್ಯಾಮಿಲ್ಟನ್, ಜೇ ಇವರೊಡಗೂಡಿ ವೃತ್ತಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದು (ಈ ವೃತ್ತಿಯವರಾದ ನಮಗೆ ಇದು ಹೆಮ್ಮೆಯ ಸಂಗತಿ), ಶಾಸನ, ಕಾರ್ಯ, ನ್ಯಾಯಗಳೆಂಬ ಮೂರು ಅಂಗಗಳು ಒಂದನ್ನೊಂದು ತಡೆಹಿಡಿಯುವುದರಲ್ಲಿಯೇ ಪ್ರಜೆಗಳಿಗೆ ರಕ್ಷೆಯಿದೆಯೆಂದು ವಾದಿಸಿದನು. ಹಕ್ಕುಗಳ ಪಟ್ಟಿ ಅನಾವಶ್ಯಕವೆಂದಿದ್ದವನೇ ಮತದಾರರಿಗಿತ್ತ ವಚನದಂತೆ 1789ರಲ್ಲಿ ತಿದ್ದುಪಡಿಗಳನ್ನು ಮಂಡಿಸಿದನು. 1791ರಲ್ಲಿ ಹತ್ತು ಅಂಗೀಕೃತವಾದುವು. ಮತ, ವಾಕ್ಕು, ಪತ್ರಿಕೆಗಳ ಸ್ವಾತಂತ್ರ್ಯವು ಮೊದಲನೆಯದರಲ್ಲಿಯೇ ಇದೆ.

1809ರಿಂದ 1817ರ ವರೆಗೆ ಅಧ್ಯಕ್ಷಪದವಿಯಲ್ಲಿದ್ದನು. ಇಷ್ಟನ್ನು ಹೊಗಳಿದ ನಾವು ಮಿಕ್ಕುದನ್ನು ಮುಚ್ಚಿಡಲಾರೆವು. ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದೆಣಿಸಿದ್ದು ಈ ರಾಜ್ಯಾಂಗವೇ. ಗುಲಾಮಗಿರಿಯು ಅಧರ್ಮವೆಂದು ಬಲ್ಲ ಮ್ಯಾಡಿಸನನು ಜೀವಮಾನವೆಲ್ಲ ಗುಲಾಮರ ಒಡೆಯನಾಗಿಯೇ ಇದ್ದನು. 1836ರಲ್ಲಿ ತೀರಿಕೊಂಡಾಗಲೂ ಅವರನ್ನು ಬಿಡುಗಡೆ ಮಾಡದೆ, ಅವರ ಸಮ್ಮತಿಯಿಲ್ಲದೆ ಮಾರಬಾರದೆಂಬ ಕೋರಿಕೆಯೊಡನೆ ಮರಣಶಾಸನದ ಮೂಲಕ ಪತ್ನಿಗೆ ಬಿಟ್ಟುಹೋದನು. ಸಾಲದ ಭಾರಕ್ಕೆ ಸಿಕ್ಕಿದ ಆಕೆಯು ಹಲವರನ್ನು ಮಾರಿಬಿಟ್ಟಳು.