ಮೈಸೂರು ಸೀಮೆಯ ದೊಡ್ಡ ಸ್ವಾಮಿಯವರು: ಅಬ್ಬೆ ದ್ಯುಬ್ವಾ

ಶತಮಾನೋತ್ಸವದ ಈ ಶುಭವರ್ಷದಲ್ಲಿ ನಮ್ಮ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟವರನ್ನೂ, ಕಲ್ಲು ಮಣ್ಣು ಹೊತ್ತವರನ್ನೂ, ಕಾಣಿಕೆಯಿತ್ತವರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನು ಒಳಗೊಂಡ ಈ ಸೀಮೆಯ ಕ್ರೈಸ್ತ ಜೀವನಕ್ಕೆ, ಕಲ್ಲುಗಾರೆಯ ಕೆಲಸ ಮೊದಲಾಗುವುದಕ್ಕಿಂತ ಬಹು ಹಿಂದೆಯೇ, ಕ್ಷಮೆಯಿಂದ ಹಾಕಿದ ಅಡಿಪಾಯವೊಂದಿದೆ. ಆ ಅಡಿಪಾಯವನ್ನು ಹಾಕಿದವರಲ್ಲಿ ಅಗ್ರಗಣ್ಯರು ಫ್ರೆಂಚ್ ಗುರುಗಳಾದ ಅಬ್ಬೆ ಜಾನ್ ಅಂತ್ವಾನ್ ದ್ಯುಬ್ವಾ. ನಮ್ಮ ಜನರು ಅವರನ್ನು ಪ್ರೀತಿಯಿಂದ ದೊಡ್ಡ ಸ್ವಾಮಿಯವರು ಎಂದು ಕರೆದರು. ವಿದ್ವಾಂಸರು ಅವರನ್ನು ಗ್ರಂಥಕರ್ತರೆಂದು ಬಲ್ಲರು. ವಿಶ್ವಾಸಿಗಳಾದ ನಾವು ಅವರನ್ನು ಪಾಪಕ್ಷಮೆಯ ಸೇವಕರೆಂದು ಅರಿತುಕೊಳ್ಳುವುದು ಹೆಚ್ಚು ಸೂಕ್ತ.

ಹದಿನೆಂಟನೆಯ ಶತಮಾನದ ಅರವತ್ತರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಅರ್ದೆಷ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. 1792ರಲ್ಲಿ ವಿವಿಯೇ ಧರ್ಮಪ್ರಾಂತ್ಯದಲ್ಲಿ ಯಾಜಕದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಆಶ್ರಯದಲ್ಲಿ ಭಾರತಕ್ಕೆ ಪ್ರಯಾಣ ಬೆಳೆಸಿದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಸರಕಾರವು ವಿಧಿಸಿದ ಪ್ರಮಾಣವಚನವನ್ನು ಸ್ವೀಕರಿಸಿದ ಗುರುಗಳೂ ಇದ್ದರು, ಒಲ್ಲದೆ ಪ್ರಾಣತೆತ್ತ ಗುರುಗಳೂ ಇದ್ದರು. ಅಧಿಕಾರದ ಭಯವು ಮನುಷ್ಯನ ನಾಲಗೆಯಿಂದ ಏನನ್ನೆಲ್ಲ ನುಡಿಸಬಲ್ಲದೆಂಬುದು ಆ ಪೀಳಿಗೆಯ ಯಾಜಕರಿಗೆ ಪುಸ್ತಕದಿಂದ ಕಲಿಯಬೇಕಾದ ಪಾಠವಾಗಿರಲಿಲ್ಲ.

ಪುದುಚೇರಿಯ ಮಿಷನ್ನಿಗೆ ಸೇರಿದ ಅವರು ಮೊದಲು ತಮಿಳು ಸೀಮೆಯಲ್ಲಿ ದುಡಿದರು. ಈ ನಾಡಿನ ಜನರ ಒಳಬಾಳನ್ನು ಅರಿಯದೆ ಅವರಿಗೆ ಧರ್ಮಬೋಧೆ ಮಾಡುವುದು ವ್ಯರ್ಥವೆಂದು ತಿಳಿದು, ಯೂರೋಪಿಯನ್ನರ ಸಹವಾಸವನ್ನು ತೊರೆದು, ನಮ್ಮವರಂತೆಯೇ ಉಡುಪು ಧರಿಸಿ, ನಮ್ಮ ನಡೆನುಡಿಗಳನ್ನು ಅಭ್ಯಾಸಮಾಡಿಕೊಂಡರು. ಆದ್ದರಿಂದಲೇ ಎಲ್ಲ ಜಾತಿಮತಗಳ ಜನರೂ ಅವರನ್ನು ಆದರದಿಂದ ಬರಮಾಡಿಕೊಳ್ಳುತ್ತಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾಯಿತು. ಆಗ ಮೈಸೂರು ಸೀಮೆಯ ಕ್ರೈಸ್ತಸಭೆಯು ಕುರುಬನಿಲ್ಲದ ಮಂದೆಯಂತಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳು ಈ ಸೀಮೆಯಲ್ಲಿ ಬಿತ್ತಿದ ಬೀಜವು ಮೊಳೆತು ಬೆಳೆದಿತ್ತು. ಆದರೆ 1773ರಲ್ಲಿ ಆ ಸಭೆಯೇ ವಿಸರ್ಜಿತವಾದುದರಿಂದ ಗುರುಗಳ ಕೊರತೆ ತಲೆದೋರಿತು. ಅದರ ಮೇಲೆ 1784ರ ವಿಪತ್ತು ಬಂದೆರಗಿತು. ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು ಕರಾವಳಿಯ ಸಹಸ್ರಾರು ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಅವರ ಸಂಖ್ಯೆ 60,000 ಎಂದು ಅಬ್ಬೆಯವರು ಬರೆದಿದ್ದಾರೆ. ಇತರರ ಲೆಕ್ಕಗಳು ಬೇರೆಯಾಗಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಬಹುಮಂದಿ ಬಲಾತ್ಕಾರಕ್ಕೆ ಒಳಗಾಗಿ ತಮ್ಮ ವಿಶ್ವಾಸವನ್ನು ಬಹಿರಂಗವಾಗಿ ತೊರೆದರು. ಇದೇ ದೊರೆಯು ಶೃಂಗೇರಿ ಮಠಕ್ಕೆ ನೆರವಿತ್ತವನೆಂಬುದೂ ಇತಿಹಾಸದ ಮಾತೇ. ಒಬ್ಬ ಮನುಷ್ಯನ ಲೆಕ್ಕವನ್ನು ಸಂಪೂರ್ಣವಾಗಿ ಬಲ್ಲವನು ದೇವರೊಬ್ಬನೇ.

ಕೋಟೆಯು ಬಿದ್ದ ತರುವಾಯ ಕರ್ನಲ್ ವೆಲ್ಲೆಸ್ಲಿಯ ಸೂಚನೆಯ ಮೇರೆಗೆ ಅಬ್ಬೆಯವರನ್ನು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ಚದುರಿಹೋದ ಕ್ರೈಸ್ತರನ್ನು ಒಂದುಗೂಡಿಸುವುದು ಅವರ ಪಾಲಿಗೆ ಬಂದ ಕೆಲಸ. ಆಗ ಅವರ ಮುಂದೆ ಬಂದು ನಿಂತವರು ಯಾರು? ಹದಿನೈದು ವರ್ಷಗಳ ಹಿಂದೆ ಕ್ರಿಸ್ತನನ್ನು ಅರಿಯೆವೆಂದವರು. ತಾವು ತೊರೆದದ್ದು ಹೊರಗಿನ ತೋರಿಕೆಗೆ ಮಾತ್ರ, ಹೃದಯದಲ್ಲಿ ವಿಶ್ವಾಸವನ್ನು ಕಾಪಾಡಿಕೊಂಡೇ ಬಂದಿದ್ದೇವೆ ಎಂದು ಹೇಳಿ, ಧರ್ಮಸಭೆಯ ಬಾಗಿಲನ್ನು ಮತ್ತೆ ತೆರೆಯಬೇಕೆಂದು ಅವರು ಬೇಡಿಕೊಂಡರು. ಹೀಗೆ ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, 20,000ದಷ್ಟು ಮಂದಿ ಮಂಗಳೂರಿನ ಕಡೆಗೆ ಹಿಂದಿರುಗಿ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅಬ್ಬೆಯವರು ಬರೆದಿಟ್ಟಿದ್ದಾರೆ.

ಪ್ರಿಯ ವಿಶ್ವಾಸಿಗಳೇ, ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಅಬ್ಬೆಯವರು ಆ ಮಾತನ್ನು ಮುಗ್ಧರಂತೆ ನಂಬಿದವರಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಧೈರ್ಯದಿಂದ ತನ್ನ ವಿಶ್ವಾಸವನ್ನು ಸಾರಿ ರಕ್ತಸಾಕ್ಷಿಯಾಗಲಿಲ್ಲವೆಂದು ಅವರು ಬಹಳ ಕಠಿಣವಾಗಿ ಬರೆದರು. ಅಂತಹ ಪರೀಕ್ಷೆಯು ಮತ್ತೊಮ್ಮೆ ಬಂದರೆ ಇವರು ಮತ್ತೊಮ್ಮೆ ಬಿದ್ದಾರೆಂಬ ಭಯವನ್ನೂ ಮರೆಮಾಚಲಿಲ್ಲ. ಸೆರೆಯ ಕತ್ತಲೆಯಲ್ಲಿ ದೇವರು ಮಾತ್ರ ಕಂಡ ಸಾಕ್ಷಿಗಳು ಇದ್ದಿರಬಹುದೆಂದು ನಾವು ನಂಬೋಣ. ಆದರೂ ಅಬ್ಬೆಯವರ ಮನಸ್ಸಿನಲ್ಲಿ ಇದ್ದದ್ದು ನೋವು, ನಾಚಿಕೆ, ಸಂಶಯ. ಹೀಗಿದ್ದರೂ ಅವರು ಬಾಗಿಲನ್ನು ತೆರೆದರು. ಬಂದವರನ್ನು ಧರ್ಮಸಭೆಯೊಡನೆ ಸಂಧಾನಗೊಳಿಸಿದರು. ಅವರ ಜೀವನದ ಮಹತ್ವವು ಅಡಗಿರುವುದು ಇಲ್ಲಿಯೇ. ಮತ್ತೆ ತಪ್ಪುಮಾಡಲಾರನೆಂಬ ಖಾತರಿಯಿರುವವನನ್ನು ಕ್ಷಮಿಸುವುದು ಸುಲಭ; ಮತ್ತೆ ಬೀಳಬಹುದೆಂದು ತಿಳಿದೂ ಕ್ಷಮಿಸುವುದು ಕಷ್ಟ. ಪೇತ್ರರಿಗೆ ಪ್ರಭುವು ಏಳೆಪ್ಪತ್ತರ ಲೆಕ್ಕವನ್ನು ಹೇಳಿಕೊಟ್ಟದ್ದು ಈ ಎರಡನೆಯ ಬಗೆಯ ಕ್ಷಮೆಯನ್ನು ಕುರಿತು.

ಇದು ಅವರು ಸ್ವಂತವಾಗಿ ಕಂಡುಹಿಡಿದ ದಾರಿಯಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸನು ಎಲ್ಲರೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ ಅನೇಕ ಕ್ರೈಸ್ತರು ಹೆದರಿ ಬಲಿಯರ್ಪಿಸಿದರು. ಕೆಲವರು ಹಣಕೊಟ್ಟು ಬಲಿಯರ್ಪಿಸಿದೆವೆಂಬ ಸುಳ್ಳು ಪತ್ರವನ್ನು ಪಡೆದುಕೊಂಡರು. ಹಿಂಸೆಯು ತಣ್ಣಗಾದ ಮೇಲೆ ಅವರು ಅಳುತ್ತ ಹಿಂದಿರುಗಿದಾಗ, ಇಂಥವರಿಗೆ ಧರ್ಮಸಭೆಯಲ್ಲಿ ಎಂದಿಗೂ ಕ್ಷಮೆಯಿಲ್ಲವೆಂದು ರೋಮಿನಲ್ಲಿ ನೊವೇಷಿಯನನು ಹಟಹಿಡಿದನು. ಪ್ರಾಯಶ್ಚಿತ್ತವೇ ಬೇಡ, ಸುಮ್ಮನೆ ಸೇರಿಸಿಕೊಳ್ಳಿರೆಂದು ಮತ್ತೆ ಕೆಲವರು ಒತ್ತಾಯಿಸಿದರು. ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನರೂ ಪೋಪರಾದ ಸಂತ ಕೊರ್ನೇಲಿಯರೂ ಈ ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಾಧ್ಯಕ್ಷರ ಸಭೆಯು, ಪಾಪವನ್ನು ಪಾಪವೆಂದೇ ಕರೆದು, ಪ್ರಾಯಶ್ಚಿತ್ತವನ್ನು ವಿಧಿಸಿ, ಪಶ್ಚಾತ್ತಾಪಪಟ್ಟವರಿಗೆ ಬಾಗಿಲನ್ನು ತೆರೆದಿಟ್ಟಿತು. ಸಾವಿರದೈನೂರು ವರ್ಷಗಳ ತರುವಾಯ ಕಾವೇರಿಯ ದಡದಲ್ಲಿ ನಡೆದದ್ದೂ ಇದೇ. ಧರ್ಮಸಭೆಯ ಪ್ರಥಮ ಪೋಪರೇ ಕೋಳಿ ಕೂಗುವುದರೊಳಗೆ ಮೂರು ಬಾರಿ ಪ್ರಭುವನ್ನು ನಿರಾಕರಿಸಿದವರೆಂಬುದನ್ನು ಯಾವ ಯಾಜಕನು ಮರೆಯಬಲ್ಲನು?

ಕ್ಷಮಿಸಿದೆನೆಂದು ಬಾಯಲ್ಲಿ ಹೇಳಿ ಕೈತೊಳೆದುಕೊಂಡವರಲ್ಲ ಅಬ್ಬೆ ದ್ಯುಬ್ವಾ. ಪೋಲಿಹೋದ ಮಗನು ಹಿಂದಿರುಗಿದಾಗ ತಂದೆಯು ಅವನಿಗೆ ನಿಲುವಂಗಿ, ಉಂಗುರ, ಪಾದರಕ್ಷೆಗಳನ್ನು ಕೊಡಿಸಿದನಷ್ಟೆ. ಅಂತೆಯೇ ಮನೆಮಾರುಗಳನ್ನು ಕಳೆದುಕೊಂಡ ತಮ್ಮ ಬಡ ಕ್ರೈಸ್ತರಿಗೆ ನೆಲೆಯೊದಗಿಸಲು ಅವರು ಬೇಸಾಯದ ಗ್ರಾಮಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದುದು ನಮ್ಮ ಹಾಸನದ ಬಳಿಯ ಸಾತಳ್ಳಿ. ಮುಂದೆ ಅದರ ಸುತ್ತಣ ಹಳ್ಳಿಗಳಲ್ಲಿ ನೇಗಿಲು ಹಿಡಿದು ಬಾಳುವ ಕ್ರೈಸ್ತ ಸಮುದಾಯವು ಬೇರೂರಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಅಮಲೋದ್ಭವ ಮಾತೆಯ ದೇವಾಲಯವು ಇಂದಿಗೂ ಅವರ ಹೆಸರನ್ನು ನೆನಪಿಗೆ ತರುತ್ತದೆ. ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನೂ ಅವರೇ ಕಟ್ಟಿಸಿದರೆಂದು ಹಲವರು ಹೇಳುವುದುಂಟು, ಅದು ಸರಿಯಲ್ಲ. ಅದು 1860ರ ದಶಕದಲ್ಲಿ ಅವರ ತರುವಾಯ ಬಂದ ಫ್ರೆಂಚ್ ಗುರುಗಳ ಕೈಯಿಂದ ಆದುದು. ಗೊರೂರಿನ ಹೇಮಾವತಿ ಜಲಾಶಯವು ತುಂಬಿದಾಗ ಅದರ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ. ಆದರೆ ಆ ಗುರುಗಳು ನಡೆದುಬಂದ ದಾರಿಯನ್ನು ಸವೆಸಿದವರು ದೊಡ್ಡ ಸ್ವಾಮಿಯವರೇ ಎಂದರೆ ತಪ್ಪಾಗಲಾರದು.

ಸಿಡುಬಿನ ರೋಗವು ಮನೆಮನೆಗಳನ್ನು ಬರಿದುಮಾಡುತ್ತಿದ್ದ ಆ ಕಾಲದಲ್ಲಿ ಗೋವಿನ ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಕೀರ್ತಿ ಅವರದಾಗಿದೆ.

ಹಿಂದೂ ಜನರ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕನು ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ವರಾಹಗಳಿಗೆ ಕೊಂಡುಕೊಂಡನು. ಅದರಿಂದ ಅವರ ಹೆಸರು ಲೋಕಪ್ರಸಿದ್ಧವಾಯಿತು. ಆದರೆ ಸತ್ಯವನ್ನು ಮುಚ್ಚಿಡುವುದು ನಮಗೆ ತರವಲ್ಲ. ಆ ಗ್ರಂಥದ ಬಹುಭಾಗವು ಅವರಿಗಿಂತ ಹಿಂದೆ ಇಲ್ಲಿ ದುಡಿದ ಯೇಸುಸಭೆಯ ಗುರು ಕೆರ್ದು ಅವರ ಬರಹದಿಂದ ಬಂದುದೆಂದು 1980ರ ದಶಕದಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ನಮ್ಮ ದೇಶಬಾಂಧವರ ನಡೆನಡತೆಗಳ ಬಗೆಗೆ ಅದರಲ್ಲಿ ಕಟುವಾದ, ನ್ಯಾಯವಲ್ಲದ ಮಾತುಗಳೂ ಇವೆ. ಕ್ಷಮೆಯನ್ನು ಹಂಚಿದ ಯಾಜಕರೂ ಕ್ಷಮೆಯ ಅಗತ್ಯವುಳ್ಳ ಮನುಷ್ಯರೇ. ಪಾಪಸಂಕೀರ್ತನೆಯನ್ನು ಕೇಳುವ ಗುರುವೂ ಮತ್ತೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕೆಂಬ ಧರ್ಮಸಭೆಯ ನಿಯಮದ ಅರ್ಥವೂ ಇದೇ ಅಲ್ಲವೇ?

ಮೂವತ್ತಕ್ಕೂ ಹೆಚ್ಚು ವರ್ಷಗಳ ಸೇವೆಯ ತರುವಾಯ 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು. ಅದೇ ವರ್ಷ ಪ್ರಕಟವಾದ ಪತ್ರಗಳ ಸಂಪುಟದಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮವು ಬೆಳೆಯುವ ಆಸೆಯೇ ಇಲ್ಲವೆಂಬ ನಿರಾಶೆಯನ್ನು ತೋಡಿಕೊಂಡರು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ, ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ಅನುವಾದಿಸಿ, 1848ರ ಫೆಬ್ರವರಿ 17ರಂದು ಅವರು ದೈವಾಧೀನರಾದರು. ಸೋತೆನೆಂದು ಭಾವಿಸಿ ಹೊರಟವರ ಬಿತ್ತನೆಯು ಅವರ ಬೆನ್ನ ಹಿಂದೆ ಬೆಳೆಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ರಚಿತವಾಗಿ ನಮ್ಮ ಹಾಸನ ಜಿಲ್ಲೆಯು ಅದಕ್ಕೆ ಸೇರಿತು. ಮತ್ತೆ ಬಿದ್ದಾರೆಂದು ಅವರು ಭಯಪಟ್ಟ ಜನರ ಮಕ್ಕಳು ಮೊಮ್ಮಕ್ಕಳು ಬಿದ್ದುಹೋಗಲಿಲ್ಲ. ಕ್ಷಮೆಯು ತನ್ನನ್ನು ಕೊಟ್ಟವರ ನಿರೀಕ್ಷೆಗಿಂತಲೂ ಹೆಚ್ಚು ಫಲವನ್ನು ಕೊಟ್ಟಿತು.

ಈ ಜೀವನಚರಿತ್ರೆಯು ನಮಗೆ ಕಲಿಸುವುದೇನು? ಪ್ರಭುವು ಕಲಿಸಿದ ಪ್ರಾರ್ಥನೆಯನ್ನು ನಾವು ದಿನವೂ ಜಪಿಸುತ್ತೇವೆ. ನಾವು ಇತರರನ್ನು ಕ್ಷಮಿಸುವ ಅಳತೆಯಲ್ಲಿಯೇ ನಮಗೂ ಕ್ಷಮೆ ದೊರೆಯಲೆಂದು ನಮ್ಮ ಬಾಯಿಂದ ನಾವೇ ಕೇಳಿಕೊಳ್ಳುತ್ತೇವೆ. ಹೀಗಿದ್ದರೂ ಒಂದು ಬದುವಿನ ತಗಾದೆಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯುವುದುಂಟು. ಒಂದು ಮದುವೆಯ ಮನೆಯಲ್ಲಿ ಆಡಿದ ಮಾತಿಗಾಗಿ ಬೀಗರ ಮನೆಯ ಬಾಗಿಲು ಮುಚ್ಚಿಹೋಗುವುದುಂಟು. ಒಂದೇ ಬಲಿಪೀಠದ ಮುಂದೆ ಪರಮಪ್ರಸಾದವನ್ನು ಸ್ವೀಕರಿಸಿ, ಹೊರಗೆ ಬಂದೊಡನೆ ಮುಖ ತಿರುಗಿಸುವವರುಂಟು. ಅವನು ಮತ್ತೆ ಹಾಗೆಯೇ ಮಾಡುತ್ತಾನೆ, ಸ್ವಾಮಿ, ಎಂಬುದು ನಾವು ಕೊಡುವ ಸಾಮಾನ್ಯ ಕಾರಣ. ದೊಡ್ಡ ಸ್ವಾಮಿಯವರಿಗೂ ಅದೇ ಕಾರಣವಿತ್ತು, ಅದೂ ಎರಡು ಸಾವಿರ ಪಟ್ಟು ಇತ್ತು. ಅವರು ಅದನ್ನು ಬಾಗಿಲಿಗೆ ಅಗುಳಿಯಾಗಿ ಬಳಸಲಿಲ್ಲ.

ಮತ್ತೊಂದು ಮಾತು. 1784ರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ ನೆರೆಯ ಮುಸಲ್ಮಾನ ಬಾಂಧವರ ಮೇಲೆ ದ್ವೇಷ ಹುಟ್ಟುವಂತೆ ಹೇಳುವುದು ಮಹಾಪಾಪ. ನಮ್ಮೊಡನೆ ಸಂತೆಪೇಟೆಯಲ್ಲಿಯೂ ಹೊಲಗದ್ದೆಯಲ್ಲಿಯೂ ದುಡಿಯುವ ಅವರು ಆ ಕಾಲದ ಅರಸನ ಕಾರ್ಯಕ್ಕೆ ಹೊಣೆಗಾರರಲ್ಲ. ಹಳೆಯ ಗಾಯವನ್ನು ನೆನೆಯುವುದು ವಾಸಿಯಾದುದಕ್ಕಾಗಿ ದೇವರಿಗೆ ವಂದನೆ ಸಲ್ಲಿಸುವುದಕ್ಕಾಗಿರಲಿ.

ಶತಮಾನೋತ್ಸವಕ್ಕಾಗಿ ದೇವಾಲಯಕ್ಕೆ ಸುಣ್ಣಬಣ್ಣ ಬಳಿದಿದ್ದೇವೆ, ದೀಪಾಲಂಕಾರ ಮಾಡಿದ್ದೇವೆ. ಹಬ್ಬದ ದಿವ್ಯಬಲಿಪೂಜೆಗೆ ಮುಂಚೆ ಪ್ರತಿಯೊಂದು ಕುಟುಂಬವೂ ಪಾಪಸಂಕೀರ್ತನೆಯ ಸಂಸ್ಕಾರವನ್ನು ಸ್ವೀಕರಿಸಲಿ. ಮಾತುಬಿಟ್ಟವರ ಮನೆಗೆ ಹಬ್ಬದ ಊಟಕ್ಕೆ ಕರೆ ಹೋಗಲಿ. ಕರೆಯಲು ಹಿರಿಯರೇ ಮೊದಲು ಹೊರಡಲಿ. ಬಿದ್ದವರನ್ನು ಎತ್ತಿ ನಿಲ್ಲಿಸಿದ ಕರುಣಾಮಯನಾದ ತಂದೆಯು, ದೇವಮಾತೆಯ ವಿಜ್ಞಾಪನೆಯಿಂದ, ನಮ್ಮ ಈ ಧರ್ಮಕೇಂದ್ರದ ಎರಡನೆಯ ಶತಮಾನವನ್ನು ಆಶೀರ್ವದಿಸಲಿ.