ಖಾಲಿ ಹೊಟ್ಟೆಗೆ ಎರಡು ಕಿತ್ತಳೆ, ಒಂದು ನಿಂಬೆ

ಇಂಟರ್ನಲ್ಸ್ ಹತ್ತಿರ ಬಂದಾಗಲೆಲ್ಲ ನಮ್ಮ ಹಾಸ್ಟೆಲಿನಲ್ಲಿ ಒಂದು ಜಗಳ ಇದ್ದೇ ಇರುತ್ತೆ. ವಿಟಮಿನ್ ಸಿ ಮಾತ್ರೆಯನ್ನ ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ತಗೋಬೇಕಾ, ಮೆಸ್ಸಲ್ಲಿ ತಿಂಡಿ ಆದ್ಮೇಲಾ, ಇಲ್ಲಾ ರಾತ್ರಿ ಮಲಗೋ ಮುಂಚೆಯಾ? ಈ ಸಲ ಜಗಳ ಬಗೆಹರಿಸೋಣ ಅಂತ ಹುಡುಕುತ್ತಾ ಹೋದ್ವಿ. ಸಿಕ್ಕಿದ್ದು ಜೇಮ್ಸ್ ಲಿಂಡ್. ಬಯಾಲಜಿ ಪುಸ್ತಕದಲ್ಲಿ ಅವರಿಗೆ ಒಂದೇ ಸಾಲು, ಅದನ್ನೂ ನಾವು ಓದಿ ಮರೆತಿದ್ವಿ.

ಲಿಂಡ್ ಹುಟ್ಟಿದ್ದು 1716ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಹದಿಹರೆಯದಲ್ಲೇ ಒಬ್ಬ ಸರ್ಜನ್ ಹತ್ತಿರ ಕೆಲಸ ಕಲಿಯೋಕೆ ಸೇರಿಕೊಂಡರು. 1739ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸಹಾಯಕ ಸರ್ಜನ್ ಆಗಿ ಹೋದರು. ಆಗ ನಾವಿಕರನ್ನ ಶತ್ರುವಿನ ಗುಂಡಿಗಿಂತ ಜಾಸ್ತಿ ಕೊಲ್ಲುತ್ತಿದ್ದದ್ದು ಸ್ಕರ್ವಿ. ಒಸಡು ಊದಿ ರಕ್ತ ಬರುತ್ತೆ, ಹಲ್ಲು ಅಲ್ಲಾಡುತ್ತೆ, ಎಷ್ಟೋ ವರ್ಷದ ಹಿಂದೆ ಮಾಗಿದ ಗಾಯ ಮತ್ತೆ ಬಾಯಿ ಬಿಡುತ್ತೆ. 1740ರಲ್ಲಿ ಆನ್ಸನ್ ಅನ್ನೋ ನಾಯಕನ ಜೊತೆ ಹೊರಟ ಸುಮಾರು 1,900 ಜನರಲ್ಲಿ ಹೆಚ್ಚಿನವರು ವಾಪಸ್ ಬರಲೇ ಇಲ್ಲ. ಸತ್ತವರಲ್ಲಿ ಬಹುಪಾಲು ಜನ ರೋಗದಿಂದ ಸತ್ತರು, ಅದರಲ್ಲೂ ಸ್ಕರ್ವಿಯಿಂದ.

1747ರ ಮೇ 20. ಲಿಂಡ್ ಆಗ ಸಾಲಿಸ್‌ಬರಿ ಅನ್ನೋ ಯುದ್ಧನೌಕೆಯ ಸರ್ಜನ್. ಸ್ಕರ್ವಿ ಬಂದಿದ್ದ 12 ಜನರನ್ನ ಆರಿಸಿ, ಹಡಗಿನ ಒಂದೇ ಜಾಗದಲ್ಲಿ ಮಲಗಿಸಿ, ಎಲ್ಲರಿಗೂ ಒಂದೇ ಊಟ ಕೊಟ್ಟರು. ಆಮೇಲೆ ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಒಂದು ಜೋಡಿಗೆ ದಿನಕ್ಕೆ ಸುಮಾರು ಒಂದು ಲೀಟರ್ ಸೈಡರ್. ಇನ್ನೊಂದಕ್ಕೆ ನೀರು ಬೆರೆತ ಸಲ್ಫ್ಯೂರಿಕ್ ಆಸಿಡ್ ಇದ್ದ ಔಷಧಿ, 25 ಹನಿ, ದಿನಕ್ಕೆ ಮೂರು ಸಲ, ಖಾಲಿ ಹೊಟ್ಟೆಗೆ (ನಮ್ಮ ಕೆಮಿಸ್ಟ್ರಿ ಲ್ಯಾಬ್ ನೆನಪಾಯ್ತಾ?). ಮೂರನೆಯವರಿಗೆ ಎರಡೆರಡು ಚಮಚ ವಿನೆಗರ್, ಅದೂ ಖಾಲಿ ಹೊಟ್ಟೆಗೆ. ನಾಲ್ಕನೆಯವರ ಪಾಡು ಕೇಳಬೇಡಿ, ಅವರಿಗೆ ಸಮುದ್ರದ ನೀರು. ಐದನೇ ಜೋಡಿಗೆ ಬೆಳ್ಳುಳ್ಳಿ, ಸಾಸಿವೆ ಎಲ್ಲಾ ಅರೆದು ಮಾಡಿದ ಜಾಯಿಕಾಯಿ ಗಾತ್ರದ ಉಂಡೆ. ಉಳಿದ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಅವನ್ನೂ ಖಾಲಿ ಹೊಟ್ಟೇಲೇ, ಬೇರೆ ಬೇರೆ ಹೊತ್ತಿನಲ್ಲಿ, ಆಸೆಯಿಂದ ತಿಂದರಂತೆ.

ಆರೇ ದಿನಕ್ಕೆ ಹಡಗಿನಲ್ಲಿದ್ದ ಹಣ್ಣು ಮುಗಿದುಹೋಯ್ತು. ಅಷ್ಟರಲ್ಲಿ ಹಣ್ಣು ತಿಂದ ಒಬ್ಬ ಕೆಲಸಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದ. ಇನ್ನೊಬ್ಬ ಮಿಕ್ಕ ರೋಗಿಗಳನ್ನ ನೋಡಿಕೊಳ್ಳೋಕೆ ನಿಂತ. ಸೈಡರ್ ಕುಡಿದವರು ಸ್ವಲ್ಪ ಪರವಾಗಿಲ್ಲ ಅನ್ನಿಸಿಕೊಂಡರು.

ಇಲ್ಲಿಗೆ ಕಥೆ ಮುಗಿದು ಎಲ್ಲರೂ ಬದುಕಿಕೊಂಡರು ಅಂತಲೇ ನಾವೂ ಅಂದುಕೊಂಡಿದ್ವಿ. ಹಾಗಾಗಲಿಲ್ಲ. 1748ರಲ್ಲಿ ಲಿಂಡ್ ನೌಕಾಪಡೆ ಬಿಟ್ಟು ಎಂ.ಡಿ. ಪಡೆದರು. 1753ರಲ್ಲಿ ಸ್ಕರ್ವಿ ಬಗ್ಗೆ ನಾನೂರಕ್ಕೂ ಹೆಚ್ಚು ಪುಟದ ಪುಸ್ತಕ ತಂದರು. ಈ ಪ್ರಯೋಗಕ್ಕೆ ಅದರಲ್ಲಿ ಸಿಕ್ಕಿದ್ದು ಕೆಲವೇ ಪ್ಯಾರಾ! ತೇವದ ಗಾಳಿಯಿಂದ ಬೆವರು ಹೊರಗೆ ಹೋಗದೆ ರೋಗ ಬರುತ್ತೆ ಅನ್ನೋ ಥಿಯರಿ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ವಿಟಮಿನ್ ಅನ್ನೋ ಪದವೇ ಆಗ ಇರಲಿಲ್ಲ, ಹಾಗಾಗಿ ಪೂರ್ತಿ ಬೈಯೋಕೂ ಆಗಲ್ಲ. ಆದರೆ ಕಣ್ಣೆದುರಿಗಿದ್ದ ರೀಡಿಂಗ್ ಬಿಟ್ಟು ಥಿಯರಿ ನಂಬೋ ಅಭ್ಯಾಸ ನಮಗೇನು ಹೊಸದಾ?

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಹಣ್ಣು ತಿಂಗಳುಗಟ್ಟಲೆ ಕೆಡದೆ ಇರಲ್ಲ. ಅದಕ್ಕೆ ರಸವನ್ನ ಗಂಟೆಗಟ್ಟಲೆ ಕಾಯಿಸಿ, ಗಟ್ಟಿಮಾಡಿ, ಬಾಟಲಿಯಲ್ಲಿ ತುಂಬಿಡಿ ಅಂತ ಅವರೇ ಸಲಹೆ ಕೊಟ್ಟರು. ಎಂಜಿನಿಯರ್ ಕೇಳಿದರೆ ಭೇಷ್ ಅನ್ನಬೇಕು: ತೂಕ ಕಡಿಮೆ, ಜಾಗ ಕಡಿಮೆ. ಆದರೆ ಶಾಖಕ್ಕೂ ಗಾಳಿಗೂ ವಿಟಮಿನ್ ಸಿ ಹಾಳಾಗುತ್ತೆ. ಬಾಟಲಿಯಲ್ಲಿ ಉಳಿಯುತ್ತಿದ್ದದ್ದು ಹುಳಿ, ಮದ್ದಲ್ಲ. ತಾಜಾ ಹಣ್ಣು ಒಂದು ಜೋಡಿಗೆ, ಈ ಪಾಕ ಇನ್ನೊಂದು ಜೋಡಿಗೆ ಕೊಟ್ಟು ನೋಡಿದ್ದರೆ ತಿಳಿದುಬಿಡುತ್ತಿತ್ತು. ಆ ಉಪಾಯವನ್ನ ಸ್ವತಃ ಮಾಡಿ ತೋರಿಸಿದವರು ಅವರೇ ಅಲ್ವಾ ಅಂತ ನಮಗೆ ಹೊಟ್ಟೆ ಉರಿಯುತ್ತೆ.

1758ರಿಂದ 1783ರವರೆಗೆ ಹ್ಯಾಸ್ಲರ್‌ನಲ್ಲಿದ್ದ ನೌಕಾಪಡೆಯ ದೊಡ್ಡ ಆಸ್ಪತ್ರೆಗೆ ಲಿಂಡ್ ಮುಖ್ಯ ವೈದ್ಯರು. ಹಡಗಿನ ಒಳಗೆ ಗಾಳಿ ಆಡಬೇಕು, ಹೊಸದಾಗಿ ಸೇರುವವರಿಗೆ ಸ್ನಾನ ಮಾಡಿಸಿ ಶುಚಿ ಬಟ್ಟೆ ಕೊಡಬೇಕು ಅಂತ ಹೇಳ್ತಾನೇ ಇದ್ದರು. ಸಮುದ್ರದ ನೀರನ್ನ ಬಟ್ಟಿ ಇಳಿಸಿ ಕುಡಿಯಬಹುದು ಅಂತಲೂ ತೋರಿಸಿದರು. ಆ ವಾರ್ಡುಗಳಿಗೆ ಸ್ಕರ್ವಿ ರೋಗಿಗಳು ಬರುವುದು ಮಾತ್ರ ನಿಲ್ಲಲಿಲ್ಲ.

ಅಂದಹಾಗೆ ನಮ್ಮ ಜಗಳ. ಸಿ ನೀರಿನಲ್ಲಿ ಕರಗುವ ವಿಟಮಿನ್, ಅದಕ್ಕೆ ಇಂಥದೇ ಹೊತ್ತು ಅಂತಿಲ್ಲ. ಲಿಂಡ್ ರೋಗಿಗಳ ಹಾಗೆ ಖಾಲಿ ಹೊಟ್ಟೆಗೂ ನಡೆಯುತ್ತೆ, ಹೊಟ್ಟೆ ಉರಿ ಬರುವವರು ತಿಂಡಿ ಆದ್ಮೇಲೆ ತಗೊಳ್ಳಲಿ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು, ಅವನ್ನ ತುಪ್ಪ ಎಣ್ಣೆ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತೆ. ಕಬ್ಬಿಣದ ಮಾತ್ರೆಯನ್ನ ಮೆಸ್ಸಿನ ಟೀ ಜೊತೆ ನುಂಗೋರು ದಯವಿಟ್ಟು ನಿಲ್ಲಿಸಿ, ನಿಂಬೆ ಪಾನಕದ ಜೊತೆ ತಗೊಳ್ಳಿ.

ಲಿಂಡ್ ತೀರಿಕೊಂಡಿದ್ದು 1794ರ ಜುಲೈನಲ್ಲಿ. ಗಿಲ್ಬರ್ಟ್ ಬ್ಲೇನ್ ಅನ್ನೋ ಇನ್ನೊಬ್ಬ ವೈದ್ಯರು ಪಟ್ಟು ಹಿಡಿದ ಮೇಲೆ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡೋಕೆ ಒಪ್ಪಿದ್ದು 1795ರಲ್ಲಿ. ಸಾಲಿಸ್‌ಬರಿಯಲ್ಲಿ ಹಣ್ಣು ಮುಗಿದು ಅಷ್ಟೊತ್ತಿಗೆ 48 ವರ್ಷ ಆಗಿತ್ತು.