ಜೋಸೆಫ್ ಚಾಟ್

ಜೋಸೆಫ್ ಚಾಟ್ (೬ ನವೆಂಬರ್ ೧೯೧೪ – ೧೯ ಮೇ ೧೯೯೪) ಇಂಗ್ಲೆಂಡಿನ ನಿರವಯವ ರಸಾಯನವಿಜ್ಞಾನಿ. ಪ್ಲಾಟಿನಮ್ ಮೊದಲಾದ ಲೋಹಗಳ ಪರಮಾಣುಗಳು ಇತರ ಅಣುಗಳನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತವೆ ಎಂಬುದನ್ನು ಆಣ್ವಿಕ ಕಕ್ಷಕಗಳ ನೆರವಿನಿಂದ ವಿವರಿಸಿದವರಲ್ಲಿ ಪ್ರಮುಖರು.

ಜೀವನ

ಕಂಬರ್ಲೆಂಡಿನ ಹಳ್ಳಿಗಾಡಿನಲ್ಲಿ ಬೆಳೆದ ಚಾಟ್ ಕೇಂಬ್ರಿಡ್ಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಎಫ್. ಜಿ. ಮ್ಯಾನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ೧೯೪೭ರಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಪ್ರಯೋಗಾಲಯವನ್ನು ಸೇರಿದರು.

ಪ್ಲಾಟಿನಮ್ ಸಂಯುಕ್ತಗಳು

ಡೆನ್ಮಾರ್ಕಿನ ಝೈಸೆ ೧೮೨೭ರ ಸುಮಾರಿಗೆ ತಯಾರಿಸಿದ್ದ ಲವಣವೊಂದರಲ್ಲಿ ಎಥಿಲೀನ್ ಪ್ಲಾಟಿನಮ್ಮಿಗೆ ಅಂಟಿಕೊಂಡಿತ್ತು. ಎಥಿಲೀನಿನಲ್ಲಿ ದಾನಮಾಡಲು ಒಂಟಿ ಎಲೆಕ್ಟ್ರಾನ್ ಜೋಡಿಯೇ ಇಲ್ಲದಿರುವಾಗ ಈ ಬಂಧ ಹೇಗೆ ಸಾಧ್ಯವೆಂಬುದು ಶತಮಾನಕ್ಕೂ ಮೀರಿ ಒಗಟಾಗಿಯೇ ಉಳಿಯಿತು. ೧೯೫೧ರಲ್ಲಿ ಮೈಕೆಲ್ ಡ್ಯೂಅರ್ ಸೂಚಿಸಿದ ವಿಚಾರವನ್ನು ಚಾಟ್ ಮತ್ತು ಎಲ್. ಎ. ಡಂಕನ್‌ಸನ್ ೧೯೫೩ರಲ್ಲಿ ಅವಕೆಂಪು ರೋಹಿತಗಳ ಆಧಾರದಿಂದ ಪ್ಲಾಟಿನಮ್ಮಿಗೆ ಅನ್ವಯಿಸಿದರು. ಇದರ ಪ್ರಕಾರ ವ್ಯವಹಾರ ಎರಡು ಕಡೆಯದು: ಎಥಿಲೀನಿನ ಪೈ ಕಕ್ಷಕದ ಎಲೆಕ್ಟ್ರಾನುಗಳು ಲೋಹದ ಖಾಲಿ ಕಕ್ಷಕಕ್ಕೆ ಹರಿಯುತ್ತವೆ, ಲೋಹದ ತುಂಬಿದ ಡಿ ಕಕ್ಷಕದಿಂದ ಎಥಿಲೀನಿನ ಖಾಲಿ ಪ್ರತಿಬಂಧಕ ಕಕ್ಷಕಕ್ಕೆ ಎಲೆಕ್ಟ್ರಾನುಗಳು ಮರಳುತ್ತವೆ. ಆದುದರಿಂದಲೇ ಇಂಗಾಲದ ಪರಮಾಣುಗಳ ನಡುವಣ ಬಂಧ ಸಡಿಲವಾಗುತ್ತದೆ. ಇದಕ್ಕೆ ಡ್ಯೂಅರ್–ಚಾಟ್–ಡಂಕನ್‌ಸನ್ ಮಾದರಿ ಎಂದು ಹೆಸರು.

ಪ್ಲಾಟಿನಮ್ಮಿನ ಒಂದು ಲಿಗ್ಯಾಂಡ್ ತನಗೆ ಎದುರಾಗಿರುವ ಲಿಗ್ಯಾಂಡನ್ನು ಬೇಗನೆ ಬದಲಾಗುವಂತೆ ಮಾಡುವ 'ಟ್ರಾನ್ಸ್ ಪರಿಣಾಮ'ವನ್ನು ರಷ್ಯದ ಚೆರ್ನ್ಯಾಯೆವ್ ೧೯೨೬ರಲ್ಲಿಯೇ ಗುರುತಿಸಿದ್ದರು. ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಲಿಗ್ಯಾಂಡ್ ಲೋಹದ ಎದುರು ಬದಿಯನ್ನು ಬರಿದಾಗಿಸುವುದರಿಂದ ಹೊಸ ಲಿಗ್ಯಾಂಡಿಗೆ ಅಲ್ಲಿ ಪ್ರವೇಶ ಸುಲಭವಾಗುತ್ತದೆ ಎಂಬುದು ಚಾಟ್ ಮತ್ತು ಸಂಗಡಿಗರ ವಿವರಣೆ. ಎಲ್ಲ ಲಿಗ್ಯಾಂಡುಗಳಿಗೂ ಇದು ಹೊಂದುವುದಿಲ್ಲ. ಹೈಡ್ರೈಡ್ ಬಲವಾದ ಟ್ರಾನ್ಸ್ ಪರಿಣಾಮವನ್ನು ತೋರಿದರೂ ಅದಕ್ಕೆ ಪೈ ಬಂಧವಿಲ್ಲ. ಸ್ಥಿರವಾದ ಪ್ಲಾಟಿನಮ್ ಹೈಡ್ರೈಡನ್ನು ೧೯೫೭ರಲ್ಲಿ ವರದಿ ಮಾಡಿದವರಲ್ಲಿ ಸ್ವತಃ ಚಾಟ್ ಒಬ್ಬರೆಂಬುದು ಇಲ್ಲಿ ಗಮನಾರ್ಹ. ಜಿ. ಬೂತ್ ಮತ್ತು ಇಟಲಿಯ ಪಾವೊಲೊ ಕೀನಿ ಅವರೊಡನೆ ೧೯೬೫ರಲ್ಲಿ ಪ್ಲಾಟಿನಮ್ ಕಾರ್ಬನಿಲ್‌ಗಳ ಬಗೆಗೂ ಬರೆದರು. ಹಲವು ಲೋಹ ಪರಮಾಣುಗಳು ಪರಸ್ಪರ ಬೆಸೆದುಕೊಂಡ ಪ್ಲಾಟಿನಮ್ ಗುಚ್ಛಗಳ ಅಧ್ಯಯನವನ್ನು ಮುಂದೆ ಕೀನಿ ಬಹುವಾಗಿ ಬೆಳೆಸಿದರು.

ಸಾರಜನಕ ಸ್ಥಿರೀಕರಣ

ಐವತ್ತರ ಹೊಸ್ತಿಲಲ್ಲಿ ಚಾಟ್ ಕಂಪನಿಯನ್ನು ಬಿಟ್ಟು ಕ್ಷೇತ್ರವನ್ನೇ ಬದಲಿಸಿದರು. ೧೯೬೩ರಲ್ಲಿ ಸ್ಥಾಪನೆಯಾಗಿ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಸಾರಜನಕ ಸ್ಥಿರೀಕರಣ ಘಟಕದ ನಿರ್ದೇಶಕರಾದರು. ಅವರೆ, ಹುರುಳಿಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳು ಸಾಧಾರಣ ಉಷ್ಣತೆಯಲ್ಲಿ ಮಾಡುವ ಕೆಲಸಕ್ಕೆ ಕಾರ್ಖಾನೆಗಳಲ್ಲಿ ೪೦೦ ಡಿಗ್ರಿಗೂ ಮೀರಿದ ಶಾಖವೂ ಅಧಿಕ ಒತ್ತಡವೂ ಬೇಕಾಗುತ್ತವೆ. ೧೯೭೫ರಲ್ಲಿ ಚಾಟ್ ತಂಡವು ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಮ್ ಲೋಹಗಳಿಗೆ ಅಂಟಿದ ಸಾರಜನಕವನ್ನು ಆಮ್ಲದಿಂದ ಅಮೋನಿಯವಾಗಿ ಪರಿವರ್ತಿಸಿತು. ಆದರೆ ಅದರಲ್ಲಿ ಲೋಹದ ಎಲೆಕ್ಟ್ರಾನುಗಳೇ ಖರ್ಚಾಗುತ್ತಿದ್ದುದರಿಂದ ಅದು ವೇಗವರ್ಧಕ ಕ್ರಿಯೆಯಾಗಲಿಲ್ಲ.

೧೯೬೧ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿದ್ದ ಅವರು ೧೯೮೦ರಲ್ಲಿ ನಿವೃತ್ತರಾದರು. ಮರುವರ್ಷ ವುಲ್ಫ್ ಪ್ರಶಸ್ತಿ ದೊರೆಯಿತು. ಮಾಲಿಬ್ಡಿನಮ್ ಸಂಕೀರ್ಣದ ಮೇಲೆ ವೇಗವರ್ಧಕ ರೀತಿಯಲ್ಲಿ ಅಮೋನಿಯ ತಯಾರಿಸುವುದು ರಿಚರ್ಡ್ ಶ್ರಾಕ್ ತಂಡಕ್ಕೆ ೨೦೦೩ರಲ್ಲಿ ಸಾಧ್ಯವಾಯಿತು.